ಕೊಂಬಿನ ದುಂಬಿಗೊಂದು ಜೋಡಿ

ಹೆಣ್ಣೊಂದು ಸಿಗಲೇಬೇಕು. ಅಷ್ಟೇ ಕೆಲಸ.

ಕೀಟ ಸಂಗ್ರಹಾಲಯದ ಸಾಕಣೆ ಕೋಣೆಯಲ್ಲಿ ಉಳಿದಿದ್ದದ್ದು ಒಂದೇ ಕೊಂಬಿನ ದುಂಬಿ, ಅದೂ ಗಂಡು. ಅಂಗೈಯುದ್ದದ ಮೈ; ತಲೆಯಿಂದೊಂದು, ಬೆನ್ನಿನಿಂದೊಂದು, ಇಕ್ಕಳದಂತೆ ಎದುರುಬದುರಾದ ಕೊಂಬು. ರೆಕ್ಕೆ ಬಂದ ಮೇಲೆ ಈ ಜಾತಿಗೆ ಆಯಸ್ಸು ಕೆಲವೇ ತಿಂಗಳು. ಇದರ ಒಂದು ಕಾಲಿನ ಉಗುರು ಆಗಲೇ ಉದುರಿತ್ತು.

ಅದನ್ನು ಸಾಕುತ್ತಿದ್ದವಳು ಕಾಡಿಗೆ ಹೊರಟೇಬಿಟ್ಟಳು. ಜೊತೆಗೆ, ಎತ್ತರದ ಕಟ್ಟಡಗಳಿಗೆ ಹಗ್ಗದಲ್ಲಿ ಜೋತು ಬಣ್ಣ ಬಳಿಯುವ ಅವಳ ಅಣ್ಣ. ಮತ್ತೆ ಸಂಗ್ರಹಾಲಯದ ವ್ಯಾನಿನ ಡ್ರೈವರು. ಅವನಿಗೆ ಎಲ್ಲರೂ ಇಟ್ಟ ಹೆಸರು ಪುಕ್ಕಲ.

ಹಳ್ಳಕ್ಕೆ ಅಡ್ಡಲಾಗಿ ಯಾವ ಕಾಲದಲ್ಲೋ ಉರುಳಿದ ಮರವೇ ಸೇತುವೆ.

“ಅಕ್ಕಾವ್ರೇ, ವ್ಯಾನಿಗೆ ಕಾವಲಿಲ್ಲ. ನಾನು ವಾಪಸ್ ಹೋಗಿ ನೋಡ್ಕೊಳ್ಳಲಾ?”

“ನಿನ್ನ ವ್ಯಾನನ್ನ ಕಪ್ಪೆ ಓಡಿಸ್ಕೊಂಡು ಹೋಗಲ್ಲ, ಬಾರೋ!” ಎಂದ ಅಣ್ಣ, ಮರದ ಮೇಲುಗಡೆ ಉದ್ದಕ್ಕೂ ಹಗ್ಗ ಬಿಗಿದ. ನಡುವೆ ಬಗ್ಗಿ ನೋಡಿದ. “ಪುಟ್ಟೀ, ಇಲ್ಲೇನೋ ಹಿಕ್ಕೆ ಬಿದ್ದಿದೆ.”

ಅವಳ ಕಣ್ಣು ಆಚೆ ದಡದ ಮರಗಳ ತುದಿಯಲ್ಲಿತ್ತು. “ಕೆರೆದು ಹಾಕಣ್ಣ, ಕಾಲು ಜಾರತ್ತೆ.”

ಆಚೆಯ ಇಳಿಜಾರಿನಲ್ಲಿ ಮರಗಳು ಒಂದರ ಹೆಗಲಿಗೊಂದು ಒರಗಿ ನಿಂತಿದ್ದವು. ಎಲೆಯಿಂದ ಎಲೆಗೆ ಇಳಿದಿಳಿದು ನೆಲ ಮುಟ್ಟುವ ಹೊತ್ತಿಗೆ ಬೆಳಕು ಹಸಿರಾಗಿ ಸೋತಿರುತ್ತಿತ್ತು. ಒಣ ಹವೆಯಲ್ಲಿ ಗಂಡು ದುಂಬಿಯ ರೆಕ್ಕೆಯ ಚಿಪ್ಪು ಹಸಿರು ಬೆರೆತ ಹಳದಿ. ರಸ ಸೋರುವ ತೊಗಟೆಯ ಮೇಲೆ ಅದು ಕಂಡರೆ, ಹೆಣ್ಣೂ ಅಲ್ಲೇ ಎಲ್ಲೋ ಇರಬೇಕು. ಅದೇ ಅವಳ ಲೆಕ್ಕ. ಆದರೆ ಮಳೆ ಹಿಡಿಯಿತು. ತೇವ ತಾಗಿದರೆ ಆ ಚಿಪ್ಪು ಕಪ್ಪಾಗುತ್ತದೆ. ಕಪ್ಪು ತೊಗಟೆಯ ಮೇಲೆ ಕಪ್ಪು ದುಂಬಿಯನ್ನು ಹುಡುಕಿ ಹುಡುಕಿ ಮೂವರೂ ಹಣ್ಣಾದರು. ಸಿಕ್ಕಿದ್ದು, ಹಕ್ಕಿ ತಿಂದು ಬಿಸುಟ ಒಂದು ಕೊಂಬು.

ಹಳ್ಳ ಮೊರೆಯತೊಡಗಿತು.

“ನಡೀರಿ! ಓಡೋದ್ರಲ್ಲಿ ನಾನೇ ಮೊದಲು,” ಎಂದ ಪುಕ್ಕಲ ಹಗ್ಗ ಹಿಡಿದು ದಾಟಿಯೇಬಿಟ್ಟ.

ಅವಳು ನಡುವಿಗೆ ಬಂದಳು.

ಲಟಕ್!

ಕಾಲಡಿಯ ಮರ ಬಾಯಿ ಬಿಟ್ಟಿತು. ಅವಳು ಒಂದೇ ಕೈಯಲ್ಲಿ ಜೋತಾಡಿದಳು. ಮೂಗಿನ ಮುಂದೆಯೇ ಮರದ ಒಡಲು: ಕೆಂಪು ಪುಡಿ, ಗೂಡು ಗೂಡಾಗಿ ಹೆಬ್ಬೆರಳು ದಪ್ಪದ ಬಿಳಿ ಮರಿಹುಳುಗಳು, ತುಸು ಆಚೆ ಕೊಂಬಿಲ್ಲದ, ಒರಟು ಬೆನ್ನಿನ ಹೆಣ್ಣು ದುಂಬಿ.

ಆ ಹಿಕ್ಕೆ ಇವುಗಳದು. ಮರಿಹುಳು ಸಾಕುವಾಗ ದಿನಾ ಬೆಳಿಗ್ಗೆ ಜರಡಿ ಹಿಡಿದ ಹಿಕ್ಕೆ ಅವಳಿಗೆ ಗುರುತಿಲ್ಲವೇ? ತಲೆ ಬಗ್ಗಿಸಿದ್ದರೆ ಸಾಕಿತ್ತು.

ಅವಳು ಹೆಣ್ಣಿನತ್ತ ಕೈ ಚಾಚಿದಳು.

“ಹಗ್ಗ ಬಿಡ್ಬೇಡ್ವೇ!” ಅಣ್ಣ ಕಿರುಚಿದ.

ಮರ ಮುರಿದು ಬಿತ್ತು; ಅವಳ ಮುಷ್ಟಿಗೆ ಸಿಕ್ಕಿದ್ದು ಒಂದು ಹಿಡಿ ಪುಡಿ. ಬಿಳಿ ಹುಳುಗಳು ಒಂದೊಂದಾಗಿ ಕೆನ್ನೀರಿಗೆ ಉದುರಿದವು. ಹೆಣ್ಣು ದುಂಬಿ ಒಮ್ಮೆ ತೇಲಿ ಕಾಣಿಸಿತು, ಮತ್ತೆ ಇಲ್ಲ.

ಪುಕ್ಕಲ ನೀರಿಗಿಳಿದು, ಎದೆಮಟ್ಟ ನಿಂತು, ಅವಳ ನಡುವಿಗೆ ಕೈ ಹಾಕಿ ಎಳೆದ. ಹಿಂದೆಯೇ ಅಣ್ಣ ಹಗ್ಗದಲ್ಲೇ ತೂಗಿಕೊಂಡು ಬಂದ. ದಡದಲ್ಲಿ ಅವಳು ಮುಷ್ಟಿ ಬಿಡಿಸಿದಳು. ಕೆಂಪು ಪುಡಿಯೊಳಗೆ ಒಂದು ಮರಿಹುಳು ಮೈ ಮುದುಡಿ ಮಲಗಿತ್ತು.

“ನೀನು ಹೇಳಿದ್ದೆ, ಅಣ್ಣ.”

“ನಂಗೇನು ಗೊತ್ತು? ಇಲಿದು ಅನ್ಕೊಂಡಿದ್ದೆ.” ಅವನು ಅವಳ ತಲೆಯ ಮಣ್ಣು ಒರೆಸಿದ.

ಸಾಕಣೆ ಕೋಣೆಯ ದೀಪದಡಿ ಅವಳು ಹುಳುವನ್ನು ಮಗುಚಿ ಹೊಟ್ಟೆಯ ತುದಿ ನೋಡಿದಳು. ಗಂಡಿಗಿರುವ ಗುರುತು ಇರಲಿಲ್ಲ.

“ಹೆಣ್ಣು,” ಎಂದಳು.

“ಮತ್ತೇನು! ಹೋದ ಕೆಲಸ ಆಯ್ತಲ್ಲ ಅಕ್ಕಾವ್ರೇ!” ಪುಕ್ಕಲನ ಮುಖವೆಲ್ಲ ಹಲ್ಲು.

“ಆಯ್ತು. ಜಾತಿ ಇನ್ನೂ ಇದೆ.” ಅವಳು ನಕ್ಕಳು, ನಗು ನಿಲ್ಲಲಿಲ್ಲ. “ಇವಳಿಗೆ ರೆಕ್ಕೆ ಬರೋಕೆ ವರ್ಷ ದಾಟತ್ತೆ ಕಣೋ. ಅವನು ಅಷ್ಟು ದಿನ ಕಾಯಲ್ಲ.”

ಪುಕ್ಕಲ ಒಮ್ಮೆ ಗಂಡಿನ ಪೆಟ್ಟಿಗೆಯ ಕಡೆ ನೋಡಿ, ಚಪ್ಪಲಿಯ ಸದ್ದಾಗದಂತೆ ಹೊರಗೆ ಹೋದ.

ಅವಳು ಕೊಳೆತ ಮರದ ಪುಡಿ ತುಂಬಿ, ಹುಳುವನ್ನು ಒಳಗೆ ಬಿಟ್ಟು, ಪೆಟ್ಟಿಗೆಗೆ ಕಿವಿಯಿಟ್ಟಳು. ತುಸು ಹೊತ್ತಿಗೆ ಕರಕರ ಮೆಲ್ಲುವ ಸದ್ದು ಕೇಳಿತು. ಪಕ್ಕದ ಪೆಟ್ಟಿಗೆಯಲ್ಲಿ ಮುದಿ ಗಂಡು ಗೋಡೆ ಕೆರೆಯುತ್ತಿತ್ತು.

ಎರಡು ಪೆಟ್ಟಿಗೆಗಳ ನಡುವೆ ಒಂದು ಗೇಣೂ ಇರಲಿಲ್ಲ.