ತಿರುಗಿಸಿ ಕಟ್ಟದ ಮೆಟ್ಟು

ಲಮ್ಜಿರಾ ಹಾರಿಸಿದ ಗುಂಡು ಬಿಮುರ್ಜಾನ ಕಿವಿಯ ಅಂಚನ್ನು ಹರಿದುಕೊಂಡು ಹೋಯಿತು.

ಅವನು ಹಿಮದಲ್ಲಿ ಮಂಡಿಯೂರಿ ಬಿದ್ದ. ಕೆನ್ನೆಗೆ ಇಳಿದ ರಕ್ತ ಗಡ್ಡದಲ್ಲೇ ಹೆಪ್ಪುಗಟ್ಟತೊಡಗಿತು.

“ಗುರಿ ತಪ್ತು,” ಎಂದ.

“ಇನ್ನೊಂದು ಗುಂಡಿದೆ.”

ಸ್ವಾನೇತಿ ಸೀಮೆಯ ಇದೇ ಬೆಟ್ಟದ ನೆತ್ತಿಯಲ್ಲಿ ಹೋದ ಚಳಿಗಾಲ ಈ ಮನುಷ್ಯ ಅವಳಿಗೆ ಪ್ರೀತಿ ಹೇಳಿಕೊಂಡಿದ್ದ. ಅವನ ಅಪ್ಪ ಅವಳ ಅಪ್ಪನನ್ನು ಕೊಂದಿದ್ದ. ಆ ರಕ್ತ ಎರಡು ಮನೆಗಳ ನಡುವೆ ಇನ್ನೂ ಆರಿರಲಿಲ್ಲ. ಆದರೂ ಪ್ರೀತಿಸಿದ್ದಳು...

ಹಿಮದಲ್ಲಿ ಹೂತುಹೋಗದಂತೆ ಬೂಟಿನ ಕೆಳಗೆ ಕಟ್ಟಿಕೊಳ್ಳುವ ಅವನ ಮರದ ಮೆಟ್ಟಿನ ಜಾಳಿಗೆ ಅಂದು ಹರಿದಾಗ, ಚರ್ಮದ ಹುರಿ ಹಾಕಿ ಮತ್ತೆ ಹೆಣೆದು ಕೊಟ್ಟವಳೂ ಅವಳೇ. ನಡುವೆ ಶಿಲುಬೆಯಂಥ ಒಂದು ಗಂಟು. ಅವಳ ಮನೆಯವರದೇ ಗಂಟು ಅದು.

ಇಂದು ಬೆಳಿಗ್ಗೆ ಆ ಗಂಟಿನ ಅಚ್ಚು ಅವಳ ಮನೆಬಾಗಿಲ ಹಿಮದಲ್ಲಿತ್ತು. ಪಕ್ಕದಲ್ಲಿ, ನಿನ್ನೆ ಬೇಟೆಗೆಂದು ಹೋಗಿದ್ದ ತಮ್ಮ ಗೆಗಿ ತಲೆ ಒಡೆದು ಬಿದ್ದಿದ್ದ. ಕರೆದರೆ ಓಗೊಡಲಿಲ್ಲ.

ಹೆಜ್ಜೆಗಳೆಲ್ಲ ಬಾಗಿಲಿನತ್ತ ಬಂದಿದ್ದವು. ಹೋದ ಹೆಜ್ಜೆ ಒಂದೂ ಇರಲಿಲ್ಲ.

“ಹಿಮ ಬೀಳ್ತಿದ್ದಾಗ ಬಂದು ಹೊಂಚು ಹಾಕಿದ್ದಾನೆ. ಹಿಮ ನಿಂತ ಮೇಲೆ ಮೆಟ್ಟು ತಿರುಗಿಸಿ ಕಟ್ಕೊಂಡು ಓಡಿದ್ದಾನೆ,” ಎಂದಿದ್ದ ಚಿಕ್ಕಪ್ಪ ಓತಿಯಾ.

ಕೊಂದು ಓಡುವವರು ಮಾಡುವುದೇ ಅದು. ಹಿಂದುಮುಂದಾಗಿ ಕಟ್ಟಿದರೆ, ಹೋದವನ ಹೆಜ್ಜೆ ಬಂದವನ ಹೆಜ್ಜೆಯಂತೆ ಕಾಣುತ್ತದೆ. ಇಲ್ಲಿ ಯಾರಿಗೆ ಗೊತ್ತಿಲ್ಲ?

ಲಮ್ಜಿರಾ ಯಾರಿಗೂ ಕಾಯಲಿಲ್ಲ. ಕೋವಿ ಎತ್ತಿಕೊಂಡು ಆ ಹೆಜ್ಜೆಗಳ ಜಾಡು ಹಿಡಿದು ಬೆಟ್ಟ ಹತ್ತಿದ್ದಳು. ನೆತ್ತಿಯ ಬಳಿ ಹಿಮ ಕುಸಿದ ರಾಶಿಯಲ್ಲಿ ಜಾಡು ಮುಗಿದಿತ್ತು. ಅಷ್ಟರಲ್ಲಿ ಬೆನ್ನ ಹಿಂದೆ ಸದ್ದಾಯಿತು. ತಿರುಗಿದವಳೇ ಗುಂಡು ಹಾರಿಸಿದ್ದಳು.

“ನನ್ನ ತಮ್ಮನ್ನ ಯಾಕೆ ಹೊಡ್ದೆ?”

“ಹೊಡ್ದವನು ಅವನು, ಲಮ್ಜಿರಾ. ನನ್ನ ಹೆಜ್ಜೇಲಿ ನಿಮ್ಮನೆ ಗಂಟು ಕಂಡ. ಅಕ್ಕನ್ನ ಕೆಡಿಸಿದೆ ಅಂತ ಗುಂಡು ಹಾರಿಸ್ದ. ಆ ಸದ್ದಿಗೇ ಮೇಲಿನ ಹಿಮ ಕುಸೀತು. ಅವನನ್ನೇ ನುಂಗ್ತು.”

“ಸುಳ್ಳು.”

“ಮೆಟ್ಟು ಬಿಚ್ಚಿ ಅದರಲ್ಲೇ ಅಗೆದು ತೆಗ್ದೆ. ಬೆನ್ನ ಮೇಲೆ ಹೊತ್ತು ತಂದೆ. ಬಾಗಿಲು ಬಡಿದು, ಹಳ್ಳದ ನೀರಿಗಿಳಿದು ಸುತ್ತು ಬಳಸಿ ಓಡ್ದೆ. ಇನ್ನೇನ್ ಮಾಡ್ಲಿ? ನಿಂತಿದ್ರೆ ನಿಮ್ಮ ಚಿಕ್ಕಪ್ಪ ಬಿಸಿ ರೊಟ್ಟಿ ಕೊಡ್ತಿದ್ನಾ?”

ಲಮ್ಜಿರಾಳ ಕಣ್ಣು ಅವನ ಕಾಲಿಗೆ ಹೋಯಿತು. ಮೆಟ್ಟು ಬೆನ್ನ ಮೇಲಿತ್ತು. ಮಂಡಿಯವರೆಗೆ ಒದ್ದೆಯಾಗಿ ಮಂಜುಗಟ್ಟಿದ ಬೂಟು... ಬಾಗಿಲ ಪಕ್ಕದ ಹಳ್ಳ ಎಂಥ ಚಳಿಯಲ್ಲೂ ಹೆಪ್ಪುಗಟ್ಟುವುದಿಲ್ಲ.

ಈ ಜಾಡಲ್ಲಿ ಓಡಿಹೋದವನು ನನಗಿಂತ ಮುಂದೆ ಇರಬೇಕಿತ್ತಲ್ಲ! ಇವನು ಹಿಂದಿನಿಂದ ಬಂದ...

ಯೋಚನೆ ಮುಗಿಯುವ ಮೊದಲೇ ಓತಿಯಾ ಏದುಸಿರು ಬಿಡುತ್ತಾ ಮೇಲೆ ಬಂದ. ಬಂದವನೇ ಬಿಮುರ್ಜಾನ ಪಕ್ಕೆಗೆ ಒದ್ದ. ಬಿದ್ದವನ ಬಾಯಿಗೆ ಕೋವಿಯ ಹಿಡಿಯಿಂದ ಗುದ್ದಿದ. ಹಿಮದ ಮೇಲೆ ಒಂದು ಹಲ್ಲು ಬಿತ್ತು.

“ಪಕ್ಕಕ್ಕೆ ಸರಿ ಹುಡುಗಿ. ನಿನ್ನ ಕೈಲಿ ಆಗ್ಲಿಲ್ಲ ಅಂತ ಕಾಣತ್ತೆ.”

“ಗೆಗಿ?”

“ಉಸಿರಾಡ್ತಿದ್ದಾನೆ. ಸರಿ ಅಂದೆ.”

ಅವಳು ಸರಿಯಲಿಲ್ಲ. ಕೋವಿಯ ಬಾಯಿಗೆ ಎದೆ ಕೊಟ್ಟು ನಿಂತಳು.

“ಚಿಕ್ಕಪ್ಪ, ಜಾಡಲ್ಲಿರೋ ಈ ಗಂಟಿನ ಹೆಜ್ಜೆ ಪಕ್ಕ ನಿನ್ನ ಹೆಜ್ಜೆ ಇಡು.”

“ಹುಚ್ಚು ಹಿಡೀತಾ?”

“ಇಡು. ಆಮೇಲೆ ಇಬ್ಬರನ್ನೂ ಹೊಡಿ.”

ಓತಿಯಾ ಗೊಣಗುತ್ತಾ ಕಾಲಿಟ್ಟು ಭಾರ ಬಿಟ್ಟ. ಎತ್ತಿನಂಥ ಆಳು. ಅವನ ಮೆಟ್ಟು ಒಂದು ಗೇಣು ಇಳಿಯಿತು. ಪಕ್ಕದ ಅಚ್ಚು ಅದಕ್ಕಿಂತಲೂ ಆಳವಾಗಿತ್ತು.

“ಇವನು ನಿನ್ನ ಅರ್ಧ ತೂಕ ಇಲ್ಲ. ಬೆನ್ನ ಮೇಲೆ ಯಾರಿದ್ರು, ಹೇಳು.”

ಗಾಳಿ ಬೀಸುತ್ತಿತ್ತು. ಓತಿಯಾ ಆ ಎರಡು ಗುಂಡಿಗಳನ್ನೇ ನೋಡುತ್ತಾ ನಿಂತ. ಮೋಸದ ಹೆಜ್ಜೆ ಓದಿ ಓದಿ ಅಭ್ಯಾಸವಾದ ಕಣ್ಣಿಗೆ, ನೆಟ್ಟಗೆ ನಡೆದು ಬಂದವನ ಹೆಜ್ಜೆ ಮೋಸವಾಗಿ ಕಂಡಿತ್ತು. ಅವಳಿಗೂ ಹಾಗೇ ಕಂಡಿತ್ತಲ್ಲ...

ಅವನು ಕೋವಿ ಇಳಿಸಿ, ಕುಳಿತು, ತನ್ನ ಉಣ್ಣೆಯ ಕಾಲುಚೀಲ ಕಳಚಿ ಬಿಮುರ್ಜಾನ ಮುಖಕ್ಕೆ ಎಸೆದ.

“ಗೆಗಿ ಎದ್ದು ಬೇರೆ ಥರ ಹೇಳಿದ್ರೆ ನಿನ್ನ ನಾನೇ ಕೊಲ್ತೀನಿ. ಅಲ್ಲೀವರೆಗೆ ಕಾಲು ಉದುರದೆ ಇರ್ಲಿ.”

ಬರಿಗಾಲನ್ನು ಬೂಟಿಗೆ ತುರುಕಿಕೊಂಡು, ತಿರುಗಿಯೂ ನೋಡದೆ ಇಳಿದು ಹೋದ.

ಲಮ್ಜಿರಾ ತಲೆವಸ್ತ್ರ ಹರಿದು ಬಿಮುರ್ಜಾನ ಕಿವಿಗೆ ಸುತ್ತಿದಳು. ಅವನ ಬೂಟು ಬಿಚ್ಚಿ, ಕಲ್ಲಾದ ಪಾದಗಳನ್ನು ತನ್ನ ಮಡಿಲೊಳಗೆ ಅವುಚಿಕೊಂಡು ಅತ್ತಳು.

“ಕೊಂದೇಬಿಡ್ತಿದ್ದೆ ನಿನ್ನ...”

“ಗೊತ್ತು. ಕಿವಿ ನೋಯ್ತಿದೆ.”

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ಕಾಲುಚೀಲ ತೊಡಿಸಿ, ಬೂಟು ಹಾಕಿ, ಮೆಟ್ಟು ಕಟ್ಟಲು ಬಾಗಿದಳು.

“ಮುಖ ಯಾವ ಕಡೆಗೆ ಕಟ್ತೀಯಾ?” ಎಂದ ಬಿಮುರ್ಜಾ.

“ನಮ್ಮನೆ ಕಡೆಗೆ.”

“ಜನ ಮತ್ತೆ ಉಲ್ಟಾ ಓದಿದ್ರೆ?”

“ಓದ್ಲಿ ಬಿಡು,” ಎಂದು ಹುರಿ ಬಿಗಿದಳು. “ಪಕ್ಕದಲ್ಲಿ ನನ್ನ ಹೆಜ್ಜೆನೂ ಇರತ್ತೆ.”