ಹಂಡೆಯೊಳಗಿನ ಪಾಲಕ್ ಬೆಟ್ಟ

ಬೆಕ್ಕುಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ ಹಸಿರಾವತಿ ಎಂಬ ರಾಜ್ಯವಿತ್ತು. ಅಲ್ಲಿ ತುಂಗವ್ವ, ಸಿರಿ ಎಂಬ ಅಕ್ಕತಂಗಿಯರು ಪಾಲಕ್ ಸೊಪ್ಪು ಬೆಳೆದು ಮಾರುತ್ತಿದ್ದರು. ಒಂದು ದಿನ ಅಕ್ಕ ತುಂಗವ್ವ ಗೊತ್ತಿಲ್ಲದೆ ಮಾಂತ್ರಿಕ ಡಂಬಾಸುರನ ಕಾಲುವೆಯಿಂದ ಒಂದು ಕೊಡ ನೀರು ತಂದಳು. ಅಷ್ಟಕ್ಕೇ ಅವನು ಅವಳನ್ನು ಕಲ್ಲು ಮಾಡಿಬಿಟ್ಟ.

ಡಂಬಾಸುರ ಮನೆಯಷ್ಟು ಎತ್ತರದ ಆಸಾಮಿ. ಮಂತ್ರ ಹೇಳಿ ಊಟ ತರಿಸಿಕೊಳ್ಳುತ್ತಿದ್ದವನು, ಒಲೆಯ ಮುಂದೆ ಒಂದು ದಿನವೂ ಕೂತವನಲ್ಲ. ಸಿರಿ ಬಂದು ಕಾಲಿಗೆ ಬಿದ್ದಾಗ ಗಡ್ಡ ನೀವಿಕೊಂಡು ಹೇಳಿದ:

"ಏಳೇ ಹುಡುಗಿ. ಒಂದೇ ಪಾತಿಯಲ್ಲಿ ನನ್ನೆತ್ತರದ ರಾಶಿಯಾಗುವಷ್ಟು ಸೊಪ್ಪು ಬೆಳೆ. ಅದನ್ನ ಹುಣ್ಣಿಮೆವರೆಗೂ ಬಾಡದ ಹಾಗೆ ಇಡು. ಆಮೇಲೆ ಅಷ್ಟನ್ನೂ ಈ ಒಂದೇ ಹಂಡೆಯಲ್ಲಿ ಬೇಯಿಸು. ನಿಮ್ಮಕ್ಕನನ್ನ ಬಿಡ್ತೀನಿ. ತಪ್ಪಿದರೆ ನೀನೂ ಕಲ್ಲೇ."

ಸಿರಿ ಬೀಜ ನೆನೆಹಾಕಿ ಬಿತ್ತಿದಳು. ಸೊಪ್ಪು ಬಂದಾಗ ಡಂಬಾಸುರ ಕಳಿಸಿದ ಮಾಯದ ಮೇಕೆಯೊಂದು ಬಂದು, "ಬುಡಸಮೇತ ಕಿತ್ತುಬಿಡು ಕಣೇ, ಬೇಗ ರಾಶಿಯಾಗುತ್ತೆ" ಎಂದಿತು. ಸಿರಿ ಕಿವಿಗೆ ಹಾಕಿಕೊಳ್ಳಲಿಲ್ಲ. ಅಕ್ಕ ಕಲಿಸಿದಂತೆ ಹೊರಗಿನ ಎಲೆಗಳನ್ನಷ್ಟೇ ಚಿವುಟಿ ನಡುವಿನ ಸುಳಿಯನ್ನು ಬಿಟ್ಟಳು. ಚಿವುಟಿದಷ್ಟೂ ಚಿಗುರಿತು. ರಾಶಿ ಡಂಬಾಸುರನ ತಲೆಯ ಮಟ್ಟಕ್ಕೆ ಬಂತು.

ಆಗ ಅವನೇ ಕಳಿಸಿದ ಮಾಯದ ಕೊಕ್ಕರೆಯೊಂದು ಬಂದು, "ಎಲೆ ತುಂಬಾ ಮಣ್ಣು. ತೊಳೆದಿಡು ತಾಯಿ" ಎಂದಿತು. ಪಾಪ, ಅದಕ್ಕೆಷ್ಟು ಕಾಳಜಿ. ತೊಳೆದಿಟ್ಟರೆ ಕೊಳೆಯುತ್ತದೆಂದು ಸಿರಿಗೆ ಗೊತ್ತಿಲ್ಲವೇ? ಅವಳು ಒಣಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ ತಣ್ಣನೆಯ ಗುಹೆಯಲ್ಲಿಟ್ಟಳು. ಹುಣ್ಣಿಮೆಯ ದಿನ ಬಿಚ್ಚಿದರೆ ಸೊಪ್ಪು ಈಗತಾನೇ ಕೊಯ್ದಂತಿತ್ತು.

ಉಳಿದದ್ದು ಹಂಡೆ. ಡಂಬಾಸುರ ರಾಶಿ ನೋಡಿದ, ಹಂಡೆ ನೋಡಿದ, ಹೊಟ್ಟೆ ಹಿಡಿದುಕೊಂಡು ನಕ್ಕ. ಸಿರಿ ಸೊಪ್ಪು ತೊಳೆದು, ಬೆಳ್ಳುಳ್ಳಿ ಒಗ್ಗರಣೆಗೆ ಹಾಕಿ, ಮುಚ್ಚಳ ಮುಚ್ಚದೆ ಬೇಯಿಸತೊಡಗಿದಳು. ಹಂಡೆ ತುಂಬಿತು, ಸೊಪ್ಪು ಕುಗ್ಗಿತು. ಮತ್ತೆ ತುಂಬಿದಳು, ಮತ್ತೆ ಕುಗ್ಗಿತು. ರಾಶಿಯೆಲ್ಲ ಮುಗಿದಾಗ ಹಂಡೆ ಅರ್ಧವೂ ತುಂಬಿರಲಿಲ್ಲ.

"ಮಿಕ್ಕಿದ್ದನ್ನ ಎಲ್ಲಿ ಬಚ್ಚಿಟ್ಟೆ?" ಎಂದು ಡಂಬಾಸುರ ಗುಡುಗಿದ.

"ಎಲ್ಲಾ ಅದರೊಳಗೇ ಇದೆ ಸ್ವಾಮಿ. ಹಬೆ ಬಿಸಿಯಿದೆ, ಜೋಪಾನ."

ಅವನು ನಂಬದೆ ಹಂಡೆಯೊಳಗೆ ತಲೆ ಹಾಕಿದ. ಅವನ ಎತ್ತರವೆಲ್ಲ ಮಾಯೆಯಿಂದ ಉಬ್ಬಿದ್ದು. ಹಬೆ ತಗುಲಿದ್ದೇ ತಡ, ಸೊಪ್ಪಿನಂತೆಯೇ ಕುಗ್ಗಿ ಕುಗ್ಗಿ ಮಿಡತೆಯಾಗಿ ಹಾರಿಹೋದ.

ಕಲ್ಲು ಕರಗಿ ತುಂಗವ್ವ ಕಣ್ಣುಬಿಟ್ಟಳು. ಸಿರಿ ತಬ್ಬಿಕೊಂಡು ಗಳಗಳನೆ ಅತ್ತಳು. ಅಕ್ಕ ಅವಳ ಕಣ್ಣೊರೆಸಿ ಹಂಡೆಯತ್ತ ನೋಡಿದಳು.

"ರಾಶಿ ನೋಡಿ ಉಪ್ಪು ಹಾಕಲಿಲ್ಲ ತಾನೇ?"

"ಇಲ್ಲಕ್ಕ, ಕುಗ್ಗಿದ ಮೇಲೆ ಹಾಕಿದೆ."

"ಹಾಗಾದರೆ ಎಲ್ಲರನ್ನೂ ಊಟಕ್ಕೆ ಕರಿ."

ಅಂದು ರಾಜನಿಂದ ಕುರಿಗಾಹಿಯವರೆಗೂ ಎಲ್ಲರೂ ಬಿಸಿ ರೊಟ್ಟಿಯೊಂದಿಗೆ ಆ ಪಲ್ಯ ಉಂಡರು. ಸುಳಿ ಉಳಿದಿತ್ತಲ್ಲ, ಪಾತಿ ಮತ್ತೆ ಚಿಗುರಿತು. ಅಕ್ಕತಂಗಿಯರು ಸುಖವಾಗಿದ್ದರು. ಮಿಡತೆ ಮಾತ್ರ ಇವತ್ತಿಗೂ ಹಸಿ ಸೊಪ್ಪನ್ನೇ ತಿನ್ನುತ್ತಿದೆ.