ಸುಕೂಕ್ ಪತ್ರದ ಮಾಲೀಕರು

ಬಡ್ಡಿ ಬೇಡವೆನ್ನುವವರನ್ನು ಕಂಡರೆ ಕನಕರಾಜನಿಗೆ ಮೈಯೆಲ್ಲ ಉರಿಯುತ್ತಿತ್ತು. ಕಂಪ್ಲಿಯ ಅವನ ಅಕ್ಕಿ ಗಿರಣಿಗೆ ಬ್ಯಾಂಕು ಸಾಲ ಕೊಡಲಿಲ್ಲ. ಅದೇ ವಾರ ಹೊಸಪೇಟೆಯಲ್ಲಿ ಬಟ್ಟೆ ಹೊಲಿಯುವ ಹುಸೇನ್‌ಬೀ, ತನ್ನ ಖಾತೆಗೆ ಬಂದ ಬಡ್ಡಿಯನ್ನು ಹರಾಮೆಂದು ಯಾವುದೋ ಪಾಯಿಖಾನೆಯ ದುರಸ್ತಿಗೆ ಕೊಟ್ಟಳೆಂದು ಕೇಳಿದ. ಇಂಥ ದಡ್ಡರ ಹತ್ತಿರ ದುಡ್ಡಿರುವುದೇ ಅನ್ಯಾಯ ಎನ್ನಿಸಿತು.

ಪತ್ರಿಕೆಯಲ್ಲಿ ಸುಕೂಕ್ ಬಗ್ಗೆ ಓದಿದಾಗ ದಾರಿ ಹೊಳೆಯಿತು. ಮಲೇಷ್ಯಾ, ಲಂಡನ್ ಎಲ್ಲ ಕಡೆ ಬೆಳೆಯುತ್ತಿರುವ, ಇಸ್ಲಾಂ ಧರ್ಮಕ್ಕೆ ಒಪ್ಪುವ ಬಾಂಡು. ಹಣ ಹಾಕಿದವರು ಸಾಲ ಕೊಟ್ಟವರಲ್ಲ, ಆಸ್ತಿಯ ಮಾಲೀಕರು. ಸಿಗುವುದು ಬಡ್ಡಿಯಲ್ಲ, ಬಾಡಿಗೆ. ನಷ್ಟವಾದರೆ ಅದೂ ಅವರದೇ. ಈ ಕೊನೆಯ ಸಾಲನ್ನು ಕನಕರಾಜ ಎರಡು ಸಲ ಓದಿದ.

ಅಕ್ಕಿಯಿಂದ ಕಪ್ಪು ಕಾಳು ಆರಿಸುವ ಹೊಸ ಯಂತ್ರವೊಂದನ್ನು ನಲವತ್ತು ಪಾಲು ಮಾಡಿ ಬಡ್ಡಿ ಬೇಡವೆನ್ನುವವರಿಗೆ ಮಾರಿ, ತಾನೇ ಬಾಡಿಗೆಗೆ ಇಟ್ಟುಕೊಂಡ. ಮಗಳ ನರ್ಸಿಂಗ್ ಓದಿಗೆ ಕೂಡಿಟ್ಟಿದ್ದನ್ನೆಲ್ಲ ಹುಸೇನ್‌ಬೀ ತಂದಳು.

"ಸುಟ್ಟುಗಿಟ್ಟು ಹೋದ್ರ?" ಎಂದು ಅವನೇ ಮುಗ್ಧನಂತೆ ಕೇಳಿದ.

"ನಮ್ದ ಸುಟ್ಟಂಗಾತಲ್ರಿ ಸಾಹುಕಾರ್ರ. ನಿಮ್ಮನ್ಯಾಕ ಕೇಳಾನ?"

"ಇನ್ಶೂರೆನ್ಸ್ ಮಾಡಸ್ಲೇನು?"

"ಅದ್ರಾಗೂ ಬಡ್ಡಿ ಐತಂತ. ಬ್ಯಾಡ್ರಿ."

ನಗು ನುಂಗಲು ಕನಕರಾಜ ಎಲೆಯಡಿಕೆ ಬಾಯಿಗೆ ಹಾಕಿಕೊಂಡ. ವಿಮೆ ಇಲ್ಲದಿದ್ದರೆ ತನಿಖೆಗೆ ಬರುವ ಸರ್ವೇಯರೂ ಇಲ್ಲ.

ಆರು ತಿಂಗಳು ತಪ್ಪದೆ ಬಾಡಿಗೆ ಕೊಟ್ಟ. ಒಮ್ಮೆ ಹುಸೇನ್‌ಬೀ ಅವನ ಹರಿದ ಜೇಬು ಹೊಲಿದುಕೊಟ್ಟು ಕಾಸು ಮುಟ್ಟಲಿಲ್ಲ. ಹೀಗಾದರೆ ಇವಳು ಬದುಕುವುದು ಹೇಗೆ ಎಂದು ಅವನು ನಿಜವಾಗಿ ಕನಿಕರಪಟ್ಟ.

ಏಳನೆಯ ತಿಂಗಳು, ಆಳುಗಳೆಲ್ಲ ಬುಕ್ಕಸಾಗರದ ಮದುವೆಗೆ ಹೋದ ದಿನ, ಯಂತ್ರವನ್ನು ಬಿಚ್ಚಿಸಿ ಲಾರಿಗೇರಿಸಿ ದೂರದ ಊರಿನ ಗಿರಣಿಗೆ ನಗದಿಗೆ ಮಾರಿದ. ಖಾಲಿ ಷೆಡ್ಡಿಗೆ ಆಳೆತ್ತರ ಭತ್ತದ ಹೊಟ್ಟು ತುಂಬಿಸಿ, ಶುಕ್ರವಾರ ಮಧ್ಯಾಹ್ನ ಕಡ್ಡಿ ಗೀರಿದ. ಪೊಲೀಸರು ಶಾರ್ಟ್ ಸರ್ಕ್ಯೂಟ್ ಎಂದು ಬರೆದುಕೊಂಡರು. ಒಂದು ಜೀವಕ್ಕೂ ಅಪಾಯವಿಲ್ಲ, ಒಂದು ರೂಪಾಯಿ ಸಾಲವಿಲ್ಲ. ತನ್ನಷ್ಟು ನೀತಿವಂತ ಕಳ್ಳ ಇನ್ನೊಬ್ಬನಿಲ್ಲ ಎಂದುಕೊಂಡ.

ಸೋಮವಾರ ಪಾಲುದಾರರು ಟೆಂಪೋದಲ್ಲಿ ಬಂದಿಳಿದರು. ಬೈಗುಳಕ್ಕೆ ಅವನು ಸಿದ್ಧನಿದ್ದ. ಹುಸೇನ್‌ಬೀ ಮೊದಲು ಅವನ ಕೈಗಳನ್ನು ನೋಡಿದಳು.

"ನಿಮಗೇನೂ ಸುಟ್ಟಿಲ್ಲ ಹೌದಲ್ರಿ? ಅಷ್ಟ ಸಾಕು. ಲುಕ್ಸಾನು ನಮ್ದ."

"ನಿಮ್ಮ ಧರ್ಮ ದೊಡ್ಡದಮ್ಮ," ಎಂದ ಕನಕರಾಜ. ತನ್ನ ಮಾತು ಅವನಿಗೇ ಹಿಡಿಸಿತು.

ಅವಳು ಸೆರಗು ಬಿಗಿದು ಸಲಿಕೆ ತೆಗೆದುಕೊಂಡಳು. ಟೆಂಪೋದಿಂದ ಬುಟ್ಟಿಗಳು ಇಳಿದವು, ಗುಜರಿಯವನ ತಕ್ಕಡಿಯೂ ಇಳಿಯಿತು. "ಕಬ್ಬಿಣ ಎಲ್ಲಿ ಸುಡ್ತೈತ್ರಿ? ನಮ್ಮ ಮಿಷಿನ್ನಿನ ಗುಜರಿ ಮಾರಿ ಹಂಚ್ಕಂತೀವಿ," ಎಂದು ಬೂದಿ ಎಳೆಯತೊಡಗಿದಳು. ಸಾಲ ಕೊಟ್ಟವರು ಕಾಗದ ಹಿಡಿದು ಕೋರ್ಟಿಗೆ ಹೋಗುವುದನ್ನು ಕನಕರಾಜ ಹುಟ್ಟಿದಾಗಿನಿಂದ ನೋಡಿದ್ದ. ಮಾಲೀಕರಾದವರು ತಮ್ಮ ಬೂದಿಯನ್ನು ತಾವೇ ಬಾಚುತ್ತಾರೆಂಬುದು ಅವನಿಗೆ ಹೊಳೆದಿರಲಿಲ್ಲ. ಮೊಳಕಾಲುದ್ದ ಬೂದಿ ಸರಿದು ಸಿಮೆಂಟು ನೆಲ ಕಂಡಿತು. ಯಂತ್ರವನ್ನು ಹಿಡಿದಿಡಲು ಅದರಲ್ಲಿ ಹೂತಿದ್ದ ನಾಲ್ಕು ಬೋಲ್ಟುಗಳು ನೆಟ್ಟಗೆ ನಿಂತಿದ್ದವು, ನಟ್ಟು ಬಿಚ್ಚಿಸಿಕೊಂಡು.